ಮುನಿಲಕ್ಷ್ಮಿಯ ಸಣ್ಣ ಕಾಯಿಲೆ

ಒಂದೇ ಕೈಯಲ್ಲಿ ಹಂಡೆ ಮುದ್ದೆ ತೊಳಸಿ ನೋಡಿ, ಆಗ ಗೊತ್ತಾಗುತ್ತೆ ಮುನಿಲಕ್ಷ್ಮಿಯ ಪಾಡು. ಎದೆಯ ಕ್ಯಾನ್ಸರ್ ಗಡ್ಡೆ ತೆಗೆದಾಗಿನಿಂದ ಎಡಗೈ ಮೇಲೇಳುತ್ತಿರಲಿಲ್ಲ. ಆದರೂ ನರಸಾಪುರದ ಫ್ಯಾಕ್ಟರಿ ಕ್ಯಾಂಟೀನಿಗೆ ಬೆಳಗಿನ ಬಸ್ಸಿಗೇ ಬರುತ್ತಿದ್ದಳು. ಬರದಿದ್ದರೆ ಗುತ್ತಿಗೆದಾರ ವಿಮೆಯಿಂದ ಹೆಸರು ಕಿತ್ತುಹಾಕುತ್ತಿದ್ದ.

ವಿಮೆ ಬೇಕಿದ್ದದ್ದು ದುಬಾರಿ ಇಂಜೆಕ್ಷನ್ನಿಗೆ. ಕೋಲಾರದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಗಡ್ಡೆ ತೆಗೆದಿದ್ದೀವಿ. ಅದರ ಕಣ ಎಲ್ಲಾದ್ರೂ ಅಡಗಿರಬಹುದು. ನಿಮ್ಮ ಗಡ್ಡೇಲಿ ಒಂದು ಗುರುತಿದೆ. ಈ ಔಷಧಿ ಆ ಗುರುತು ಹುಡುಕ್ಕೊಂಡು ಹೋಗಿ ಹಿಡಿಯುತ್ತೆ. ಎಲ್ಲರಿಗೂ ಹೊಂದಲ್ಲ, ನಿಮಗೆ ಹೊಂದುತ್ತೆ. ಈಗ್ಲೇ ಶುರು ಮಾಡ್ಬೇಕು."

"ಒಳ್ಳೇ ಬೇಟೆನಾಯಿ ಥರ ಅನ್ನಿ," ಅಂದಿದ್ದಳು ಮುನಿಲಕ್ಷ್ಮಿ. ಡಾಕ್ಟರಮ್ಮ ನಕ್ಕುಬಿಟ್ಟಿದ್ದರು.

ಗುತ್ತಿಗೆದಾರನ ಆಫೀಸಿನಲ್ಲಿ ವಿಮೆ ನೋಡುವವನು ಅನಿಲ್‌ಕುಮಾರ್. ಡಾಕ್ಟರ ಚೀಟಿ ಓದಿ ತಲೆಯಾಡಿಸಿದ.

"ಅರ್ಲಿ ಸ್ಟೇಜ್ ಅಂತ ಬರ್ದವ್ರಲ್ಲಮ್ಮಾ. ಇಷ್ಟು ಸಣ್ಣ ಕಾಯಿಲೆಗೆ ಅಷ್ಟು ದೊಡ್ಡ ಔಷಧಿ ಕೊಡಕ್ಕಾಗಲ್ಲ. ಮೈಯೆಲ್ಲಾ ಹಬ್ಬಿದ್ರೆ ಬಾ, ನೋಡಾಣ."

"ಹಂಗಾದ್ರೆ ಒಸಿ ನೀರು ಗೊಬ್ಬರ ಹಾಕಿ ಬೆಳೆಸ್ಕೊಂಡು ಬರ್ಲಾ ಸಾಮಿ?"

"ರೂಲ್ಸು ಕಣಮ್ಮಾ. ನಾನು ಮಾಡಿದ್ದಾ?"

ಅಡಿಗೆಮನೆಗೆ ಬಂದವಳೇ ಹಿಟ್ಟಿನ ಚೀಲದ ಮೇಲೆ ಕುಸಿದು ಅತ್ತಳು. ಜೊತೆಗಾತಿ ಚಿಕ್ಕಗಂಗಮ್ಮ ಕಥೆಯೆಲ್ಲಾ ಕೇಳಿದಳು. ಸೌಟು ಎತ್ತಿಕೊಂಡು ಬಡಿಸೋ ಜಾಗಕ್ಕೆ ಹೋಗಿ ನಿಂತಳು.

ಮಧ್ಯಾಹ್ನ ಫ್ಯಾಕ್ಟರಿ ಕೆಲಸದವರ ಸಾಲಿನಲ್ಲಿ ಅನಿಲ್‌ಕುಮಾರ್ ತಟ್ಟೆ ಹಿಡಿದು ಬಂದ.

"ಹಸಿವಾ ಸಾರ್?"

"ಹೂಂ, ಈಗ ಶುರುವಾಗೈತೆ."

"ಅಯ್ಯೋ ದೇವುಡಾ, ಹಂಗಾದ್ರೆ ಅರ್ಲಿ ಸ್ಟೇಜು! ಇಷ್ಟು ಸಣ್ಣ ಹಸಿವಿಗೆ ಇಷ್ಟು ದೊಡ್ಡ ಮುದ್ದೆ ಕೊಡಕ್ಕಾಗಲ್ಲ. ಮೈಯೆಲ್ಲಾ ಹಬ್ಲಿ, ಆಮೇಲೆ ಬನ್ನಿ."

ಸಾಲು ಘೊಳ್ಳೆಂದಿತು. ಯಾಕೆ ಅಂತ ಕೇಳಿದವರಿಗೆ ಚಿಕ್ಕಗಂಗಮ್ಮ ಕೂಗಿ ಹೇಳಿದಳು. ನಗು ನಿಂತಿತು. ಯಾರೋ ಒಬ್ಬಳು ತಟ್ಟೆ ಕೆಳಗಿಟ್ಟಳು. ಹಿಂದೆಯೇ ಸಾಲಿಗೆ ಸಾಲೇ ಇಟ್ಟಿತು.

"ಮುನಿಲಕ್ಷ್ಮಕ್ಕಂಗೆ ಇಂಜೆಕ್ಷನ್ ಒಪ್ಕೊಳ್ಳೋವರ್ಗೂ ನಮಗೆ ಊಟಾನೂ ಬೇಡ, ಕೆಲಸಾನೂ ಬೇಡ!"

ಮೆಷಿನ್ನು ನಿಂತಿದ್ದೇ ತಡ, ಕಂಪನಿಯ ದೊಡ್ಡವರೆಲ್ಲಾ ಓಡಿಬಂದರು. ರೂಲ್ಸು ಮುದ್ದೆಗಿಂತ ಮೆತ್ತಗಾಯಿತು. ಸಂಜೆಯೊಳಗೆ ಅನಿಲ್‌ಕುಮಾರನೇ ಒಪ್ಪಿಗೆ ತಂದುಕೊಟ್ಟ, ಖಾಲಿ ಹೊಟ್ಟೆಯಲ್ಲಿ.

ಮನೆಗೆ ಹೋಗುವ ಬಸ್ಸಿನಲ್ಲಿ ಪ್ಯಾಕಿಂಗಿನ ಆಂಜಿನಮ್ಮ ಮುನಿಲಕ್ಷ್ಮಿಯ ಪಕ್ಕ ಬಂದು ಕೂತಳು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಅಕ್ಕಾ, ನನಗೂ ಒಂದು ಗಂಟೈತೆ. ನಾಚ್ಕೆಗೆ ಯಾರಿಗೂ ಹೇಳಿಲ್ಲ."

ಮುನಿಲಕ್ಷ್ಮಿ ಥಟ್ಟನೆ ಎದ್ದು ಡ್ರೈವರನಿಗೆ ಕೂಗಿದಳು.

"ಕದಿರೇಶಣ್ಣಾ, ನಮ್ಮಿಬ್ರನ್ನ ಆಸ್ಪತ್ರೆ ಹತ್ರ ಇಳಿಸು!"

ಹಿಂದಿನ ಸೀಟುಗಳಿಂದ ಇನ್ನೂ ಇಬ್ಬರು ಹೆಂಗಸರು ಸೆರಗು ಎದೆಗೊತ್ತಿಕೊಂಡು ಎದ್ದು ನಿಂತರು.