ಸಾಹುಕಾರನ ಹಿಮ್ಮಡಿ

ಅವನಿಗೊಂದು ಹೆಸರಿತ್ತು ಎಂಬುದನ್ನೇ ಜೊತೆಯ ಕೆಲಸದವರು ಮರೆತು ಎಷ್ಟೋ ಕಾಲವಾಗಿತ್ತು. ಎಲ್ಲರಿಗೂ ಅವನು ರಸಮಟ್ಟ. ನೆಲ ಸಮವಾಗಿದೆಯೇ ಎಂದು ನೋಡಲು ಒಳಗೆ ಗುಳ್ಳೆ ಓಡಾಡುವ ಒಂದು ಪಟ್ಟಿಯನ್ನು ಇಡುತ್ತಾರಲ್ಲ, ಅದರ ಹೆಸರೇ ಅವನಿಗೂ ಅಂಟಿಕೊಂಡಿತ್ತು. ಮೂವತ್ತು ವರ್ಷ ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದ ಮನುಷ್ಯ. ನೆಂಟರ ಮನೆಗೆ ಹೋದರೆ ಮೊದಲು ಕಾಲಡಿಯ ನೆಲ ನೋಡಿ, ಆಮೇಲೆ ನೆಂಟರ ಮುಖ ನೋಡುತ್ತಿದ್ದ.

ಅಂಥವನು ತನ್ನ ಮನೆಗೆ ಎಂಥ ನೆಲ ಹಾಕಿಕೊಂಡಿದ್ದ ಎಂದು ಬೇರೆ ಹೇಳಬೇಕಾಗಿಲ್ಲ. ಎಂಟು ವರ್ಷದ ಹಿಂದೆ, ಇದ್ದ ಒರಟು ಸಿಮೆಂಟಿನ ನೆಲವನ್ನು ಒಡೆದು ಹಾಕಿ, ಹಾಲುಬಣ್ಣದ ಟೈಲ್ಸ್ ಕೂರಿಸಿದ್ದ. ಸಂದು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಮನೆಗೆ ಬಂದವರು ನೆಲದ ಸುದ್ದಿ ಎತ್ತದಿದ್ದರೆ ಅವನಾಗಿಯೇ ಎತ್ತುತ್ತಿದ್ದ. ಈ ನೆಲಕ್ಕೆ ಇದ್ದ ಒಂದೇ ಕಳಂಕವೆಂದರೆ ಅಡುಗೆಮನೆಯ ಒಲೆಯ ಮುಂದಿನ ಗೋಣಿಚೀಲ. ಹೆಂಡತಿ ಅದನ್ನು ಮಡಚಿ ಹಾಸಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ಇವನು ಕಂಡಾಗಲೆಲ್ಲ ಅದನ್ನು ಎತ್ತಿ ಹಿತ್ತಲಿನ ಮೊಳೆಗೆ ನೇತು ಹಾಕುತ್ತಿದ್ದ. ಮಾರನೆಯ ದಿನ ಅದು ಮತ್ತೆ ಒಲೆಯ ಮುಂದೆ ಹಾಜರು. ಎಂಟು ವರ್ಷದಿಂದ ಇಬ್ಬರೂ ಒಂದು ಮಾತೂ ಆಡದೆ ಈ ಕೆಲಸವನ್ನು ನಡೆಸಿಕೊಂಡು ಬಂದಿದ್ದರು.

ಮನೆಯಲ್ಲಿದ್ದ ಮೂರನೆಯವನು ಸಾಹುಕಾರ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಬಿಳಿ ಮೊಲ. ಮಾಡಲು ಕೆಲಸವಿಲ್ಲ, ತಿನ್ನಲು ಕೊರತೆಯಿಲ್ಲ, ಕೂತಲ್ಲೇ ದಿನ ಕಳೆಯುತ್ತದೆ ಎಂದು ಹೆಂಡತಿ ಇಟ್ಟ ಹೆಸರು ಅದು. ಮಗಳು ಹೋದ ಮೇಲೆ ಹೆಂಡತಿಯ ಮಾತಿಗೆ ಅದೇ ಗತಿ. ಹಾಲು ಉಕ್ಕಿದ್ದು, ನಲ್ಲಿ ಸೋರಿದ್ದು, ಗಂಡ ಮುಖ ಗಂಟಿಕ್ಕಿಕೊಂಡು ಬಂದದ್ದು, ಎಲ್ಲ ವರದಿಯೂ ಮೊದಲು ಸಾಹುಕಾರನಿಗೆ ಹೋಗುತ್ತಿತ್ತು. ಅವನು ಕಿವಿಯನ್ನಾದರೂ ಅವಳತ್ತ ತಿರುಗಿಸುತ್ತಿದ್ದ. ಗಂಡನಿಂದ ಅಷ್ಟೂ ಆಗುತ್ತಿರಲಿಲ್ಲ.

ಒಂದು ಬೆಳಗ್ಗೆ ಸಾಹುಕಾರ ಗೂಡಿನಲ್ಲಿ ಒಂದು ಹಿಂಗಾಲನ್ನು ತುಸು ಎತ್ತಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಅದನ್ನು ಊರಿ ಇನ್ನೊಂದನ್ನು ಎತ್ತಿದ. ಹೆಂಡತಿ ಅವನನ್ನು ಮಡಿಲಿಗೆ ಎತ್ತಿಕೊಂಡು ತಿರುಗಿಸಿ ನೋಡಿದರೆ, ಎರಡೂ ಹಿಮ್ಮಡಿಯಲ್ಲಿ ಕೂದಲು ಉದುರಿ, ಚರ್ಮ ಕೆಂಪಗೆ ಬಿರಿದಿತ್ತು. ಅರ್ಧ ಗಂಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ರಟ್ಟಿನ ಪೆಟ್ಟಿಗೆ ಹಿಡಿದು ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲಿದ್ದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ನೇರ. ನಾಯಿ ಬೆಕ್ಕುಗಳ ಪಾದಕ್ಕಿರುವ ದಪ್ಪ ಚರ್ಮ ಮೊಲಕ್ಕಿಲ್ಲ, ಬರೀ ಕೂದಲೇ ಅದರ ಚಪ್ಪಲಿ ಎಂದು ತಿಳಿಸಿ ಹೇಳಿದಳು. ತಂತಿಯ ತಳವಿರುವ ಗೂಡು ಮೊದಲು ಹೋಗಬೇಕು. ಕಾಲಡಿ ಮೆತ್ತಗಿರಬೇಕು, ಒದ್ದೆ ಇರಕೂಡದು. ಉಗುರು ಉದ್ದವಾಗಿ ಪಾದ ಹಿಂದಕ್ಕೆ ವಾಲಿದೆ, ಅದನ್ನು ಈಗಲೇ ಕತ್ತರಿಸುತ್ತೇನೆ. ಮೈ ವಿಪರೀತ ಬೆಳೆದಿದೆ, ಒಣಹುಲ್ಲು ಬಿಟ್ಟು ಬೇರೆ ಏನು ಕೊಡುತ್ತೀರಿ ಎಂದು ಕೇಳಿದಳು. ಹೆಂಡತಿ ತಾನು ಕೊಡುವ ಬಿಸ್ಕತ್ತನ್ನು ನೆನೆದು ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿಲ್ಲದಂತೆ ತಾನು ಕೊಡುವ ಬಿಸ್ಕತ್ತನ್ನು ನೆನೆದು ರಸಮಟ್ಟ ಗೋಡೆ ನೋಡಿದ.

ಡಾಕ್ಟರಮ್ಮ ಹೇಳಿದ್ದರಲ್ಲಿ ರಸಮಟ್ಟನ ಕಿವಿಗೆ ಬಿದ್ದದ್ದು ಒಂದೇ: ನೆಲ ಸರಿಯಿಲ್ಲ. ನೆಲದ ವಿಷಯದಲ್ಲಿ ಅವನಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಅಂದೇ ತಂತಿಯ ಗೂಡನ್ನು ಗುಜರಿಗೆ ಹಾಕಿದ. ಹಜಾರದ ಮೂಲೆಯಲ್ಲಿ ಮಂಚದ ಅರ್ಧದಷ್ಟು ಜಾಗದ ಸುತ್ತ ಮರದ ಪಟ್ಟಿಯ ಗಿಡ್ಡ ಕಟಾಂಜನ ಕಟ್ಟಿ, ಅದರೊಳಗೆ ತನ್ನ ಸಂಗ್ರಹದಲ್ಲಿದ್ದ ಅತಿ ಒಳ್ಳೆಯ ಟೈಲ್ಸ್ ಕೂರಿಸಿದ. ಉಚ್ಚೆ ನಿಲ್ಲಬಾರದೆಂದು ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟ. ಕೆನ್ನೆ ಇಟ್ಟರೆ ಜಾರಬೇಕು, ಹಾಗೆ ಒರೆಸಿದ. ಹೆಂಡತಿ ಅಡುಗೆಮನೆಯ ಗೋಣಿಚೀಲವನ್ನು ತಂದು ಅದರ ಮೇಲೆ ಹಾಸಿದಳು. ಇಂಥ ನೆಲದ ಮೇಲೆ ಕೊಳಕು ಚೀಲವೇ ಎಂದು ಅವನು ಅದನ್ನು ತೆಗೆದು ಮೊಳೆಗೆ ಹಾಕಿದ. ಕಾಲಡಿ ಮೆತ್ತಗಿರಬೇಕು ಎಂದು ಡಾಕ್ಟರಮ್ಮ ಅಂದಿದ್ದರಲ್ಲ ಎಂದು ಅವಳು ಒಮ್ಮೆ ಹೇಳಿನೋಡಿದಳು. ಚೀಲದಲ್ಲಿ ಕ್ರಿಮಿ ಕೂರುತ್ತದೆ, ಇದರ ಮೇಲೆ ನೊಣವೂ ಕೂರುವುದಿಲ್ಲ ಎಂದ. ನೆಲದ ವಿಷಯವಾದ್ದರಿಂದ ಅವಳು ಅವನ ಮಾತಿಗೇ ಬಿಟ್ಟಳು.

ಹನ್ನೆರಡನೆಯ ದಿನಕ್ಕೆ ಸಾಹುಕಾರ ಒಣಹುಲ್ಲು ಮುಟ್ಟುವುದನ್ನೂ ಬಿಟ್ಟ. ಮೂಲೆಯಲ್ಲಿ ಮೈ ಮುದುರಿಕೊಂಡು, ಎದ್ದರೆ ಕಾಲು ಜಾರಿ, ಮತ್ತೆ ಹಿಮ್ಮಡಿಯ ಮೇಲೇ ಕುಸಿಯುತ್ತಿದ್ದ. ಮತ್ತೆ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಗಾಯದ ಸುತ್ತಲಿನ ಕೂದಲನ್ನು ಬೆರಳಿನಿಂದ ಸರಿಸಿ ನೋಡಿದಳು.

"ಆಳಕ್ಕೆ ಇಳೀತಿದೆ," ಎಂದಳು. "ಮೂಳೆ ಇನ್ನೂ ಮುಟ್ಟಿಲ್ಲ. ಮುಟ್ಟಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ, ನೋವಿಲ್ಲದ ಹಾಗೆ ಕಳಿಸಿಕೊಡಬೇಕಷ್ಟೆ. ಎರಡು ವಾರ ನೋಡೋಣ. ಯಾವುದರ ಮೇಲೆ ಬಿಟ್ಟಿದ್ದೀರಿ ಇವನನ್ನ?"

"ನಾನೇ ಹಾಕಿದ ನೆಲ," ಎಂದ ರಸಮಟ್ಟ. "ಕೂದಲೆಳೆಯಷ್ಟೂ ಏರುಪೇರಿಲ್ಲ."

"ಮೆತ್ತಗಿದೆಯಾ?"

"ನುಣ್ಣಗಿದೆ."

"ನಾನು ಕೇಳಿದ್ದು ಅದಲ್ಲ," ಎಂದಳು ಡಾಕ್ಟರಮ್ಮ.

ಪುಸ್ತಕ ಓದಿದವರಿಗೆ ಕಾಲು ಗೊತ್ತಿರಬಹುದು, ನೆಲ ಏನು ಗೊತ್ತು ಎಂದು ರಸಮಟ್ಟ ದಾರಿಯುದ್ದಕ್ಕೂ ತನ್ನಷ್ಟಕ್ಕೆ ಗೊಣಗಿದ. ಹೆಂಡತಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಳು. ಅವಳು ಅವನಿಗೂ ಏನೂ ಹೇಳಲಿಲ್ಲ, ಮೊಲಕ್ಕೂ ಏನೂ ಹೇಳಲಿಲ್ಲ. ಅವನಿಗೆ ನಿಜಕ್ಕೂ ಭಯವಾದದ್ದು ಆಗ. ಸಾಹುಕಾರ ಹೋದರೆ ಈ ಮನೆಯಲ್ಲಿ ಅವಳ ಮಾತೇ ನಿಂತುಹೋಗುತ್ತದೆ ಎನ್ನಿಸಿತು.

ಮನೆಗೆ ಬಂದವನೇ ರಸಮಟ್ಟದ ಪಟ್ಟಿ ತೆಗೆದುಕೊಂಡು, ಕೆಲಸದ ಬಟ್ಟೆಯನ್ನೂ ಹಾಕಿಕೊಳ್ಳದೆ, ಕಟಾಂಜನದೊಳಗೆ ಮಂಡಿಯೂರಿದ. ಎಲ್ಲೋ ಒಂದು ಟೈಲ್ಸ್ ಎದ್ದಿರಬೇಕು, ಎಲ್ಲೋ ಒಂದು ಅಂಚು ಚುಚ್ಚುತ್ತಿರಬೇಕು. ಉದ್ದಕ್ಕೆ ಇಟ್ಟು ನೋಡಿದ, ಅಡ್ಡಕ್ಕೆ ಇಟ್ಟು ನೋಡಿದ. ಒಂದೊಂದು ಅಂಚಿಗೂ ಬೆರಳು ಆಡಿಸಿದ. ತಪ್ಪು ಎಲ್ಲೂ ಸಿಗಲಿಲ್ಲ. ಹತ್ತು ನಿಮಿಷಕ್ಕೆ ಮಂಡಿ ಉರಿಯತೊಡಗಿತು. ಥೂ, ಮಂಡಿಪಟ್ಟಿ ಕಟ್ಟಿಕೊಳ್ಳದೆ ಕೂತುಬಿಟ್ಟೆನಲ್ಲ ಎಂದು ಎದ್ದು ಹೋಗಿ, ಸಾಮಾನಿನ ಚೀಲದಿಂದ ಬೆರಳು ದಪ್ಪದ ಸ್ಪಂಜಿನ ಪಟ್ಟಿಗಳನ್ನು ತಂದ. ಮೂವತ್ತು ವರ್ಷದಲ್ಲಿ ಅವಿಲ್ಲದೆ ಅವನು ಒಂದು ದಿನವೂ ನೆಲ ಹಾಕಿದ್ದಿಲ್ಲ. ಎಂಥ ಸಮತಟ್ಟಾದ ನೆಲವಿದ್ದರೂ ಸರಿ.

ಒಂದು ಮಂಡಿಗೆ ಕಟ್ಟಿದ. ಇನ್ನೊಂದಕ್ಕೆ ಕಟ್ಟಲು ಹೋದವನು ಪಟ್ಟಿಯನ್ನು ಕೈಯಲ್ಲೇ ಹಿಡಿದು ಕೂತ. ಎದುರಿಗೆ ಅದೇ ಟೈಲ್ಸ್ ಮೇಲೆ ಸಾಹುಕಾರ ಬರಿಗಾಲಲ್ಲಿ ಕೂತಿದ್ದ.

ಕಟ್ಟಿದ್ದನ್ನೂ ಬಿಚ್ಚಿದ. ಚಾಕು ತಂದು ಎರಡೂ ಪಟ್ಟಿಗಳನ್ನು ಸೀಳಿದ. ಸಾಮಾನಿನ ಚೀಲದಲ್ಲಿದ್ದ ಹೊಸ ಜೋಡಿಯನ್ನೂ ಬಿಡಲಿಲ್ಲ, ಸಾಲದ ಕಡೆಗೆ ಹಳೆಯ ದಿಂಬಿನ ಸ್ಪಂಜು ಸೇರಿಸಿದ. ತುಂಡುಗಳನ್ನು ಸಾಲಾಗಿ ಜೋಡಿಸಿ, ಮೊಲ ಕಚ್ಚಿ ನುಂಗದಂತೆ ಹಳೆಯ ದಪ್ಪ ಟವೆಲಿನಲ್ಲಿ ಸುತ್ತಿ ಹೊಲಿದುಕೊಡು ಎಂದು ಹೆಂಡತಿಯ ಮುಂದಿಟ್ಟ. ಅವಳು ಏನಾಯಿತು ಎಂದು ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿದಳು. ಸಾಯಂಕಾಲದೊಳಗೆ ಅವನ ಹೆಮ್ಮೆಯ ಟೈಲ್ಸ್ ಟವೆಲಿನ ಕೆಳಗೆ ಕಣ್ಮರೆಯಾಯಿತು.

ಅಲ್ಲಿಂದ ಮುಂದೆ ನಡೆದದ್ದರಲ್ಲಿ ಪವಾಡವೇನೂ ಇಲ್ಲ, ಬರೀ ದುಡಿಮೆ. ಸ್ಪಂಜು ತಂದು ಅಂಥದೇ ಇನ್ನೊಂದು ಹಾಸು ಮಾಡಿದರು. ಒಂದು ಬಿಸಿಲಿಗೆ, ಒಂದು ಸಾಹುಕಾರನಿಗೆ. ತುಸು ಒದ್ದೆಯಾದರೂ ಬದಲಾಯಿಸುವುದು ರಸಮಟ್ಟನ ಪಾಲು. ನೋವಿನ ಔಷಧಿಯನ್ನು ಬಾಯಿಯ ಪಕ್ಕದಿಂದ ಹನಿಸುವುದು ಹೆಂಡತಿಯ ಪಾಲು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಗಾಯಕ್ಕೆ ಬ್ಯಾಂಡೇಜು ಕಟ್ಟಿಸಿಕೊಂಡು ಬರುವುದು ಇಬ್ಬರ ಪಾಲು. ಬಿಸ್ಕತ್ತಿನ ಡಬ್ಬ ಬೀರುವಿನ ಮೇಲಕ್ಕೆ ಹೋಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟರು. ಯಾವ ಕಾಲಿನ ಮೇಲೆ ಎಷ್ಟು ಹೊತ್ತು ಭಾರ ಹಾಕುತ್ತಾನೆ ನೋಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ರಸಮಟ್ಟ ಕೆಲಸದಿಂದ ಬಂದೊಡನೆ ಕಟಾಂಜನದ ಪಕ್ಕ ಕೂತು ನೋಡುತ್ತಿದ್ದ. ನೋಡಿ ನೋಡಿ ಅವನಿಗೆ ಅದು ರೂಢಿಯಾಯಿತು. ನೋಯುವ ಕಾಲನ್ನು ಪೂರ್ತಿ ಎತ್ತುವುದಿಲ್ಲ, ಭಾರ ಮಾತ್ರ ಆಚೆಗೆ ಜರುಗುತ್ತದೆ ಎಂಬುದನ್ನು ಅವನು ಕಂಡುಕೊಂಡ.

ಎರಡು ವಾರಕ್ಕೆ ಗಾಯ ಆಳಕ್ಕೆ ಇಳಿಯುವುದು ನಿಂತಿತು. ಡಾಕ್ಟರಮ್ಮ ಇನ್ನು ಭಯವಿಲ್ಲ ಎನ್ನಲು ಮತ್ತೂ ಮೂರು ವಾರ ತೆಗೆದುಕೊಂಡಳು. ಎರಡು ತಿಂಗಳು ತುಂಬುವ ಹೊತ್ತಿಗೆ ಗಾಯದ ಮೇಲೆ ಹೊಸ ಚರ್ಮ ಬಂದು, ಅಂಚಿನಲ್ಲಿ ಕೂದಲು ಚಿಗುರಿತ್ತು. ಒಂದು ಸಂಜೆ ಹುಲ್ಲು ತಡವಾಯಿತೆಂದು ಸಿಟ್ಟಿಗೆದ್ದ ಸಾಹುಕಾರ ಹಿಂಗಾಲಿನಿಂದ ಹಾಸನ್ನು ದಬ್ಬೆಂದು ಕುಟ್ಟಿದ. ಹೆಂಡತಿ ಅಡುಗೆಮನೆಯಿಂದಲೇ ಬಂದೆ ಬಂದೆ ಎಂದು ನಕ್ಕಳು. ಅವಳ ವರದಿ ಮತ್ತೆ ಶುರುವಾಯಿತು, ಅವತ್ತು ಸೀದುಹೋದ ಪಲ್ಯದಿಂದ.

ರಸಮಟ್ಟ ಆ ಖುಷಿಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಒಲೆಯ ಮುಂದೆ ಬರಿನೆಲದ ಮೇಲೆ ನಿಂತಿದ್ದಳು. ಮೊಲದ ಗಡಿಬಿಡಿಯಲ್ಲಿ ಗೋಣಿಚೀಲ ಹಿತ್ತಲಿನ ಮೊಳೆಯಲ್ಲೇ ಉಳಿದಿತ್ತು. ಅವಳು ಸೌಟು ಆಡಿಸುತ್ತ ಬಲಗಾಲಿನ ಹಿಮ್ಮಡಿಯನ್ನು ತುಸು ಸಡಿಲಿಸಿದಳು. ಭಾರ ಎಡಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಎಡದಿಂದ ಬಲಕ್ಕೆ ಬಂತು. ಇದನ್ನು ಅವನು ಎಂಟು ವರ್ಷದಿಂದ ನೋಡುತ್ತಲೇ ಇದ್ದ. ಅವಳು ನಿಲ್ಲುವ ರೀತಿಯೇ ಹಾಗೆ ಎಂದುಕೊಂಡಿದ್ದ.

"ಎಷ್ಟು ದಿನದಿಂದ ನೋಯ್ತಿದೆ?" ಎಂದ.

"ಯಾರಿಗೆ?"

"ನಿನಗೆ. ಹಿಮ್ಮಡಿ."

ಅವಳು ಒಲೆ ಸಣ್ಣದು ಮಾಡಿದಳು. "ಈ ನೆಲ ಹಾಕಿದಾಗಿನಿಂದ."

"ಒಂದು ಮಾತು ಹೇಳಬಾರದಿತ್ತಾ?"

"ದಿನಾ ಹಾಸ್ತಿದ್ದೆನಲ್ಲ," ಎಂದಳು ಅವಳು.

ರಸಮಟ್ಟ ಹಿತ್ತಲಿಗೆ ಹೋಗಿ ಮೊಳೆಯಿಂದ ಚೀಲ ತೆಗೆದು ಧೂಳು ಕೊಡವಿದ. ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ ನೋಡಿ, ಸಾಲದೆನ್ನಿಸಿ, ಬಿಸಿಲಿಗೆ ಹಾಕಿದ್ದ ಸಾಹುಕಾರನ ಎರಡನೆಯ ಹಾಸನ್ನು ತಂದು ಮಡಚಿ ಅದರೊಳಗೆ ತೂರಿಸಿದ. ಒಲೆಯ ಮುಂದೆ ಮಂಡಿಯೂರಿ, ಟೈಲ್ಸ್ ಗೆರೆಗೆ ಸರಿಯಾಗಿ ಹಾಸಿದ. ಹೆಂಡತಿ ಹತ್ತಿ ನಿಂತು, ತನಗೆ ಬೇಕಾದ ಕಡೆಗೆ ಕಾಲಿನಿಂದ ಅದನ್ನು ಎಳೆದುಕೊಂಡಳು. ಹಾಸು ಗೆರೆ ತಪ್ಪಿ ಸೊಟ್ಟಗಾಯಿತು. ರಸಮಟ್ಟ ಅದನ್ನು ನೋಡಿದ, ಸರಿಮಾಡಲು ಹೋಗಲಿಲ್ಲ.