ನೀರಿನ ಬದಿಯಲ್ಲಿ ನಡೆದವರು

ಅಂದು ಇಡೀ ದಿನ ಕುಮುದಕ್ಕ ನದಿಗೂ ನನಗೂ ನಡುವೆ ನಡೆದರು. ದಾರಿ ತಿರುಗಿ ನಾನು ನೀರಿನ ಬದಿಗೆ ಬಂದರೆ ಸಾಕು, ಹಿಂದಿನಿಂದ ಸುತ್ತಿಕೊಂಡು ಬಂದು ಮತ್ತೆ ಆ ಬದಿಯನ್ನೇ ಹಿಡಿಯುತ್ತಿದ್ದರು.

ಅವರು ನನ್ನ ಗಂಡ ಶ್ರೀಕರನ ಅಕ್ಕ, ಹೊರದೇಶದಲ್ಲಿ ನೆಲೆಸಿದವರು. ಕೆಲಸದ ಮೇಲೆ ಅಲ್ಲಿಗೆ ಹೋದ ಶ್ರೀಕರ ಅವರ ಮನೆಯಲ್ಲಿ ಉಳಿದಿದ್ದಾಗ ತೀರಿಕೊಂಡಿದ್ದ. ಎದೆನೋವು ಎಂದಿದ್ದರು. ನನ್ನ ಕೈಗೆ ಬಂದದ್ದು ಬೂದಿ ಮಾತ್ರ. ನಾಲ್ಕು ತಿಂಗಳ ನಂತರ ಅವನ ಸಾಮಾನು ತರಲು ನಾನು ಹೋದೆ. ನಾನು ಬಂದ ಹನ್ನೊಂದನೆಯ ದಿನ ಕುಮುದಕ್ಕ, "ಸುಮ್ನೆ ಗೋಡೆ ನೋಡ್ಕೊಂಡು ಕೂರಬೇಡ, ಹಳೇ ಪೇಟೆ ತೋರಿಸ್ತೀನಿ ಬಾ" ಎಂದು ಹೊರಡಿಸಿದರು.

ಹಳೆಯ ಪೇಟೆ ನದಿಯ ದಂಡೆಯಲ್ಲೇ ಇತ್ತು. ಉಗ್ರಾಣಗಳ ಇಟ್ಟಿಗೆ ಗೋಡೆಗಳಲ್ಲಿ ಪ್ರವಾಹ ಏರಿದ ಮಟ್ಟವನ್ನು ಕೆತ್ತಿದ್ದರು. ಒಂದು ಗೆರೆ ನನ್ನ ತಲೆಗಿಂತ ಮೇಲಿತ್ತು.

"ಎಷ್ಟು ಆಳ ಈ ನದಿ?"

"ನಾನೇನು ಇಳಿದು ಅಳೆದಿದೀನಾ? ನಡಿ, ಚರ್ಚು ಮುಚ್ಚಿಬಿಡ್ತಾರೆ."

ಚರ್ಚು ಸಂಜೆಯವರೆಗೂ ತೆರೆದಿರುತ್ತದೆಂದು ಬಾಗಿಲಲ್ಲೇ ಬರೆದಿತ್ತು.

ದೋಣಿಕಟ್ಟೆಯಲ್ಲಿ ಟಿಕೆಟ್ ಮಾರುವವನು ನಮ್ಮನ್ನು ಕೈಬೀಸಿ ಕರೆದ. ಕುಮುದಕ್ಕ ಅಡ್ಡಡ್ಡ ತಲೆಯಾಡಿಸಿದರು. "ದೋಣಿ ಬೇಡಮ್ಮ, ನಂಗೆ ಹೊಟ್ಟೆ ತೊಳಸುತ್ತೆ." ಅವರು ದಿನವೂ ದೋಣಿಯಲ್ಲೇ ಕೆಲಸಕ್ಕೆ ಹೋಗುತ್ತಾರೆಂದು ಶ್ರೀಕರ ನನಗೆ ಬರೆದಿದ್ದ.

ಅವರ ಸುಳ್ಳುಗಳಲ್ಲಿ ಶ್ರೀಕರನ ಎದೆನೋವೇ ಮೊದಲನೆಯದಾಗಿರಬೇಕು ಎಂಬ ಅನುಮಾನ ಆಗ ಗಟ್ಟಿಯಾಯಿತು.

ಸೇತುವೆಯ ಮೇಲೂ ಅವರು ಕಂಬಿಯ ಬದಿಗೇ ಬಂದರು. ನಾನು ನಿಂತೆ.

"ಶ್ರೀಕರ ಈ ನೀರಿಗೆ ಬಿದ್ದು ಹೋದದ್ದಾ, ಅಕ್ಕ?"

ಅವರು ಥಟ್ಟನೆ ನನ್ನ ಕಡೆ ತಿರುಗಿದರು. "ಯಾರೇ ಹೇಳಿದ್ದು ನಿಂಗೆ? ಆಸ್ಪತ್ರೇಲಿ, ನನ್ನ ಕೈ ಹಿಡ್ಕೊಂಡೇ ಹೋದ. ಡಾಕ್ಟರನ್ನ ಬೇಕಾದ್ರೆ ಕೇಳು, ಈಗಲೇ ಕರ್ಕೊಂಡು ಹೋಗ್ತೀನಿ."

"ಮತ್ತೆ ನನ್ನನ್ನ ಯಾಕೆ ನೀರಿನ ಹತ್ತಿರ ಬಿಡ್ತಿಲ್ಲ?"

ಕುಮುದಕ್ಕ ಕಂಬಿಯ ಬದಿ ಬಿಡಲಿಲ್ಲ. "ಬಂದಾಗಿಂದ ಒಂದು ಹನಿ ಅತ್ತಿಲ್ಲ ನೀನು. ಓಲೆ ಬಿಚ್ಚಿ ನನ್ನ ಮಗಳಿಗೆ ಕೊಟ್ಟೆ. ನಿನ್ನ ಪುಸ್ತಕ ಯಾರ್ಯಾರಿಗೆ ಸೇರಬೇಕು ಅಂತ ಚೀಟಿ ಬರೆದಿಟ್ಟಿದೀಯ. ಈಗ ನದಿ ಎಷ್ಟು ಆಳ ಅಂತೀಯ. ನಾನೇನು ತಿಳ್ಕೊಳ್ಳಲಿ, ಹೇಳು."

ಹಾಗೇನಿಲ್ಲ ಎನ್ನಲು ಹೊರಟೆ. ಆದರೆ ಓಲೆ ಕೊಟ್ಟದ್ದು, ಚೀಟಿ ಬರೆದದ್ದು ನೆನಪಿತ್ತು. ಯಾಕೆಂದು ನನ್ನನ್ನು ನಾನು ಕೇಳಿಕೊಂಡಿರಲೇ ಇಲ್ಲ. ಅಷ್ಟು ಹೊತ್ತು ಅವರನ್ನು ಶಂಕಿಸುತ್ತಿದ್ದವಳಿಗೆ ಮೊದಲ ಬಾರಿ ನನ್ನ ಬಗ್ಗೆಯೇ ಭಯವಾಯಿತು.

"ಗೊತ್ತಿಲ್ಲ ಅಕ್ಕ," ಎಂದೆ. ಅವರ ಕೋಟಿನ ತೋಳನ್ನು ಹಿಡಿದುಕೊಂಡೆ.

ಅವರು ಬುದ್ಧಿ ಹೇಳಲಿಲ್ಲ. ಸೇತುವೆಯಾಚೆ ಒಬ್ಬ ಮುದುಕಿ ಕೆಂಡದಲ್ಲಿ ಆಲೂಗಡ್ಡೆ ಸುಡುತ್ತಿದ್ದಳು. ಎರಡು ಕೊಂಡು, ಒಂದರ ಸಿಪ್ಪೆ ಸುಲಿದು ನನ್ನ ಕೈಗಿಟ್ಟರು.

"ಊದ್ಕೊಂಡು ತಿನ್ನು."

ಊದದೆ ಕಚ್ಚಿದೆ. "ಸುಟ್ಟಿತು," ಎಂದೆ.

ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಕುಮುದಕ್ಕ ತಾವೇ ಊದತೊಡಗಿದರು.