ಗೋದಾಮಿನ ಬಾಗಿಲತನಕ

೧. ಎಲ್ಲಿಂದ ಶುರು ಮಾಡಲಿ? ೧೯೮೪ರ ಕೊಪ್ಪಳದ ಕೋರ್ಟಿನಿಂದಲೇ? ಹಾಗೊಂದು ಡ್ರಾಫ್ಟ್ ಬರೆದು ಹರಿದೆ. ಅದರಲ್ಲಿ ವೆಂಕೋಬ ಮಾಸ್ತರರೇ ಹೀರೋ. ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗಿ, ಜನ ಮಾತಾಡುವ ರೀತಿಯನ್ನು ಸಂಶೋಧನೆ ಮಾಡುವವರು. ಯಮನೂರಮ್ಮ ಸಿಟ್ಟಾದಳು.

"ಬರೆ ಬಿದ್ದದ್ದು ನನ್ನ ಬೆನ್ನಿಗೆ, ಹಾರ ಮಾಸ್ತರಿಗೇನ್ರಿ?"

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೨. ಸರಿ, ಅವಳೇ. ನವಲಿಯ ಕೂಲಿ ಹೆಣ್ಣು. ಧಣಿ ಕಳಕಪ್ಪ ಭತ್ತದ ಗೋದಾಮಿನಲ್ಲಿ ಕೂಡಿಹಾಕಿ ಬರೆ ಎಳೆದನೆಂದು ಕೇಸು. ಕಟಕಟೆಯಲ್ಲಿ ನಿಂತು ಹೇಳತೊಡಗಿದಳು: "ಮುಂಜಾನಿ ಎದ್ದು ಒಲಿ ಹಚ್ಚಿದ್ನಿರಿ..."

"ಒಲಿ ಇರಲಿ ಬೇ ಯವ್ವಾ, ಗೋದಾಮಿನಾಗ ಏನಾತು?" ಕಳಕಪ್ಪನ ವಕೀಲರು ಅಡ್ಡ ಬಂದರು.

ಬೆದರಿದವಳು ಮತ್ತೆ ಮುಂಜಾನೆಯಿಂದಲೇ ಎತ್ತಿಕೊಂಡಳು. ಗೋದಾಮಿನ ಬಾಗಿಲಿಗೆ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ. ಮತ್ತೆ ಮುಂಜಾನೆ.

"ನೋಡ್ರಿ ಸಾಹೇಬ್ರ, ಯಾರೋ ಕಲಿಸಿದ ಪಾಠ. ಮರತಾಗೊಮ್ಮೆ ಮೊದಲಿಂದ ಒಪ್ಪಸ್ತಾಳ."

ಜನ ನಕ್ಕರು. ಕಳಕಪ್ಪ ಮೀಸೆಯಲ್ಲೇ. ಯಮನೂರಮ್ಮ ಅವನನ್ನು ನೋಡಿದಳು. ಇವತ್ತು ಇವನು ಬಿಡುಗಡೆಯಾದರೆ ನಾಳೆ ತಾನು ಅದೇ ಊರಿಗೆ ಹೋಗಬೇಕು.

೩. (ಓದುಗರೇ, ಒಲೆಯ ಮಾತು ನಿಮಗೂ ಬೇಸರವೇ? ನಾನಂತೂ ಅದನ್ನು ಎಡಿಟ್ ಮಾಡಲು ಹೊರಟಿದ್ದೆ.)

ಸರ್ಕಾರಿ ವಕೀಲರು ವೆಂಕೋಬ ಮಾಸ್ತರರನ್ನು ಕರೆಸಿದರು.

"ಈ ಕಡಿ ಹಳ್ಳ್ಯಾಗ ಭಾಳ ಮಂದಿ ಮಾತು ಟೇಪ್ ಮಾಡೀನ್ರಿ. ದುಃಖದ ಸುದ್ದಿ ಮುಂಜಾನಿಂದನ ಹೇಳತಾರ. ನಡುವ ಬಾಯಿ ಹಾಕಿದ್ರ ಮತ್ತ ಮೊದಲಿಂದ. ಒಂದು ಬಿಟ್ಟರೂ ಸುಳ್ಳಾಗತೈತಿ ಅಂತ ಅಂಜಿಕಿ. ಆಕಿನ್ನ ನಾವು ಒಮ್ಮಿನೂ ಪೂರಾ ಹೇಳಾಕ ಬಿಟ್ಟಿಲ್ರಿ."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ಹೇಳವ್ವ. ಯಾರೂ ಬಾಯಿ ಹಾಕಂಗಿಲ್ಲ."

೪. ಒಲೆ, ರೊಟ್ಟಿ, ಗದ್ದೆ, ಗೋದಾಮು, ಕಾದ ಕಬ್ಬಿಣ. ಇಷ್ಟಕ್ಕೇ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಅವಳು ನಿಲ್ಲಿಸಲಿಲ್ಲ.

"ನಾ ಕಿಡಕ್ಯಾಗಿಂದ ಜಿಗಿದು ಓಡಿದ್ನಿರಿ. ನನ್ನ ಗೆಳತಿ ಹೊಳಿಯಮ್ಮ ಒಳಗ ಉಳದ್ಲು. ಅವತ್ತಿಂದ ಗೋದಾಮಿಗೆ ಬೀಗ. ಆಕಿ ಗಂಗಾವತಿಗೆ ದುಡಿಯಾಕ ಹೋಗ್ಯಾಳ ಅಂತ ಧಣಿ ಹೇಳಿಕೊಂತ ತಿರುಗತಾನ. ಊರಾಗ ಬಾಯಿ ಬಿಟ್ರ ಸುಡತೀನಿ ಅಂದಿದ್ದ. ಪೊಲೀಸರ ಮುಂದ ಹೇಳಾಕ ಹೋದ್ನಿರಿ. ಅವರೂ ಅಲ್ಲೀತನ ಮುಟ್ಟಾಕ ಬಿಡಲಿಲ್ಲ."

ಅವಳು ಗೋದಾಮಿನಿಂದ ಓಡಿಬಂದು ಆಗಲೇ ಒಂದು ಸುಗ್ಗಿ ಕಳೆದುಹೋಗಿತ್ತು.

೫. ಕೊನೆ ಒಂದು: ಗೋದಾಮು ತೆರೆಸಿದಾಗ ಹೊಳಿಯಮ್ಮ ಜೀವಂತ. (ಒಂದು ಸುಗ್ಗಿಯಾದ ಮೇಲೆ? ಬರೆದ ನನಗೇ ನಾಚಿಕೆ.)

ಕೊನೆ ಎರಡು: ಅವಳು ನಿಜಕ್ಕೂ ಗಂಗಾವತಿಯಲ್ಲಿದ್ದಾಳೆ. (ಇದು ಕಳಕಪ್ಪ ಬರೆದದ್ದು.)

ಕೊನೆ ಮೂರು ಬರೆಯಲು ಕೈ ಏಳುತ್ತಿಲ್ಲ.

ಕೋರ್ಟಿನಲ್ಲಿ ಕಳಕಪ್ಪನ ವಕೀಲರೇ ಅವನ ಪಕ್ಕದಿಂದ ತುಸು ಸರಿದು ಕೂತಿದ್ದಾರೆ. ಯಮನೂರಮ್ಮ ನನ್ನ ಕಡೆ ತಿರುಗುತ್ತಾಳೆ.

"ಕಥಿ ಆಮ್ಯಾಲೆ ಬರೀರಿ ಅಣ್ಣಾರ. ಮೊದಲ ಯಾರರ ಹೋಗಿ ಆ ಗೋದಾಮು ತಗಸ್ರಿ."